ಮೂಲವನ್ನು ಕೆಡಿಸದ ತಿದ್ದುಪಡಿ

ಬಾಡಿಗೆಯ ಮನೆಯಲ್ಲಿ ಬಾಳಿದವರು ಒಂದು ಮರ್ಯಾದೆಯನ್ನು ಬಲ್ಲರು: ಗೋಡೆಯನ್ನು ಒಡೆಯಕೂಡದು, ಮನೆಯೊಡೆಯನೇ ಬಡಿಸಿಟ್ಟ ಮೊಳೆಗಳಿಗೆ ತಮಗೊಪ್ಪುವ ಪಟಗಳನ್ನು ತೂಗುಹಾಕಬಹುದು. ಜಾಲತಾಣಗಳನ್ನು ಕಟ್ಟಲು ನೆರವಾಗುವ ‘ವರ್ಡ್‌ಪ್ರೆಸ್’ ತಂತ್ರಾಂಶದಲ್ಲಿಯೂ ಸಲ್ಲುವುದು ಇದೇ ನ್ಯಾಯ.

‘ಬಿ2’ ಎಂಬ ಹಳೆಯ ತಂತ್ರಾಂಶದ ಬೆಳವಣಿಗೆ ನಿಂತಾಗ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅದನ್ನೇ ಕೈಗೆತ್ತಿಕೊಂಡು, 2003ರ ಮೇ 27ರಂದು ವರ್ಡ್‌ಪ್ರೆಸ್ಸನ್ನು ಹೊರತಂದರು. ಅದರ ಮೂಲಬರಹ ಸರ್ವರಿಗೂ ಮುಕ್ತ. ಯಾರು ಬೇಕಾದರೂ ತಿದ್ದಬಹುದು. ಅಪಾಯವಿರುವುದೂ ಅಲ್ಲಿಯೇ. ಹೊಸ ಆವೃತ್ತಿ ಬಂದಾಗ ಮೂಲದ ಕಡತಗಳೇ ಬದಲಾಗುತ್ತವೆ. ಅವುಗಳೊಳಗೆ ಮಾಡಿದ ತಿದ್ದುಪಡಿ ಅಳಿದುಹೋಗುತ್ತದೆ. ಅಳಿಯುವುದೆಂಬ ಅಂಜಿಕೆಯಿಂದ ಹೊಸ ಆವೃತ್ತಿಯನ್ನೇ ಒಲ್ಲೆನೆಂದರೆ? 2017ರ ಜನವರಿ 26ರಂದು ಹೊರಬಂದ 4.7.2ನೆಯ ಆವೃತ್ತಿಯು 4.7 ಮತ್ತು 4.7.1ರಲ್ಲಿದ್ದ ದೊಡ್ಡ ಬಿರುಕೊಂದನ್ನು ಮುಚ್ಚಿತು. ಅದನ್ನು ಅಳವಡಿಸಿಕೊಳ್ಳದ ಸಾವಿರಾರು ತಾಣಗಳ ಪುಟಗಳನ್ನು ಕಿಡಿಗೇಡಿಗಳು ಕೆಲವೇ ದಿನಗಳಲ್ಲಿ ವಿರೂಪಗೊಳಿಸಿದರು.

ಈ ಇಕ್ಕಟ್ಟಿನಿಂದ ಪಾರುಗಾಣಿಸುವವು ‘ಹುಕ್’ ಎಂಬ ಕೊಕ್ಕೆಗಳು. ಅವು ಎರಡು ಬಗೆ. ಇಂಥ ಘಳಿಗೆಯಲ್ಲಿ ಈ ಕೆಲಸವೂ ಆಗಲಿ ಎನ್ನುವುದು ‘ಆಕ್ಷನ್’. ಸಾಗಿಹೋಗುತ್ತಿರುವ ವಸ್ತುವನ್ನು ತಡೆದು, ಬೇಕಾದಂತೆ ತಿದ್ದಿ, ಮುಂದಕ್ಕೆ ಬಿಡುವುದು ‘ಫಿಲ್ಟರ್’. ನಿದರ್ಶನಕ್ಕೆ, ವರ್ಡ್‌ಪ್ರೆಸ್ ತಾನಾಗಿ ತೆಗೆಯುವ ಲೇಖನದ ಆಯ್ದ ಭಾಗದಲ್ಲಿ 55 ಪದಗಳಿರುತ್ತವೆ. ಮುಖಪುಟಕ್ಕೆ 20 ಸಾಕೆನಿಸಿತೆ? 20 ಎಂಬ ಸಂಖ್ಯೆಯನ್ನು ಮರಳಿಸುವ ಮೂರು ಸಾಲಿನ ಫಂಕ್ಷನ್ನೊಂದನ್ನು ಬರೆದು ‘ಎಕ್ಸರ್ಪ್ಟ್ ಲೆಂಗ್ತ್’ ಎಂಬ ಕೊಕ್ಕೆಗೆ ಸಿಕ್ಕಿಸಿದರಾಯಿತು. ಮೂಲದ ಒಂದಕ್ಷರವೂ ಕದಲದು.

ಆದರೆ ಮೂರು ಎಚ್ಚರಿಕೆಗಳುಂಟು. ಫಿಲ್ಟರ್ ತಾನು ಪಡೆದುದನ್ನು ಮರಳಿ ಕೊಡಲೇಬೇಕು. ಲೇಖನದ ಪಠ್ಯವನ್ನು ಪಡೆದು ಮರಳಿಸಲು ಮರೆತರೆ ಪುಟದಲ್ಲಿ ಲೇಖನವೇ ಇರದು. ಒಂದೇ ಹೆಸರಿನ ಎರಡು ಫಂಕ್ಷನ್‌ಗಳಿದ್ದರೆ ತಾಣವೇ ಸ್ತಬ್ಧವಾದೀತು. ಆದಕಾರಣ ಹೆಸರಿಗೆ ತನ್ನದೇ ಆದ ಪೂರ್ವಪದವೊಂದಿರಲಿ. ಇನ್ನು, ಪರರು ರಚಿಸಿದ ಥೀಮಿನ ಕಡತದಲ್ಲಿ ಬರೆದುದು ಆ ಥೀಮ್ ನವೀಕರಣಗೊಂಡಾಗ ಅಳಿಯುತ್ತದೆ. ರೂಪಕ್ಕೆ ಸಂಬಂಧಿಸಿದುದನ್ನು ‘ಚೈಲ್ಡ್ ಥೀಮ್’ನಲ್ಲಿಯೂ, ಥೀಮ್ ಬದಲಾದರೂ ಉಳಿಯಬೇಕಾದುದನ್ನು ಪುಟ್ಟದೊಂದು ಪ್ಲಗಿನ್ನಿನಲ್ಲಿಯೂ ಇರಿಸುವುದು ಕ್ಷೇಮ.

2019ರ 5.2ನೆಯ ಆವೃತ್ತಿಯಿಂದೀಚೆಗೆ, ಇಂಥ ಬರಹದ ದೋಷದಿಂದ ತಾಣ ಕುಸಿದರೆ ನಿರ್ವಾಹಕನಿಗೆ ಮಿಂಚಂಚೆಯ ಮೂಲಕ ಒಳಬರುವ ದಾರಿಯೊಂದನ್ನು ತಂತ್ರಾಂಶವೇ ತೋರುತ್ತದೆ. ಆದರೂ ಹೊಸ ಫಂಕ್ಷನ್ನನ್ನು ಮೊದಲು ತಾಣದ ಪ್ರತಿಯೊಂದರ ಮೇಲೆ ಪರೀಕ್ಷಿಸಿ, ಬಳಿಕ ಓದುಗರ ಮುಂದಿಡುವುದೇ ಜಾಣತನ.