ಟೊಲೆಡೊಗೆ ಹೋಗುವ ಮುನ್ನ ಕಲಬುರಗಿ

ರಾಜಾಜಿನಗರ, ವಿಜಯನಗರದ ಕಡೆ ಬೇಸಿಗೆ ಪ್ರವಾಸದ ಮಾತೆತ್ತಿದರೆ ಸಿಂಗಪುರ, ದುಬೈ ಈಗ ಹಳೆಯ ಸಂಗತಿ. ಸ್ಪೇನಿನ ಸರದಿ ಬಂದಿದೆ. 2011ರಲ್ಲಿ ತೆರೆಕಂಡ ‘ಜಿಂದಗಿ ನ ಮಿಲೇಗಿ ದೊಬಾರಾ’ ಹಿಂದಿ ಚಿತ್ರ ಆ ದೇಶವನ್ನು ನಮ್ಮ ಮಧ್ಯಮ ವರ್ಗದ ಮನೆಯೊಳಕ್ಕೆ ತಂದಿತು. ಆಗ ಕಾಲೇಜಿನಲ್ಲಿದ್ದವರು ಈಗ ಸಂಪಾದಿಸುತ್ತಿದ್ದಾರೆ, ಅಪ್ಪ ಅಮ್ಮನನ್ನು ಕಳಿಸಿಕೊಡುತ್ತಿದ್ದಾರೆ. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ದಂಪತಿ ಹೀಗೆ ಹೊರಟಿದ್ದಾರೆ. ಮೊನ್ನೆ ಪಾರ್ಕಿನಲ್ಲಿ ಸಿಕ್ಕಾಗ ಪ್ರವಾಸ ಸಂಸ್ಥೆಯ ಹಾಳೆಯನ್ನು ನನ್ನ ಕೈಗಿಟ್ಟು, “ನೋಡಿ ಸಾರ್, ಇದರಲ್ಲಿ ಯಾವುದನ್ನ ಬಿಡಬಾರದು ಹೇಳಿ” ಅಂದರು.

ಬಾರ್ಸಿಲೋನಾ, ಮ್ಯಾಡ್ರಿಡ್, ಕಾರ್ಡೊಬ, ಸೆವಿಲ್, ಗ್ರನಾಡ. ಎಲ್ಲ ಇತ್ತು. ಟೊಲೆಡೊ ಎಂಬ ಊರಿನ ಎದುರು ಮಾತ್ರ ‘ಅರ್ಧ ದಿನ’ ಅಂತ ಬರೆದಿತ್ತು. ನನ್ನ ತಕರಾರೆಲ್ಲ ಆ ಅರ್ಧ ದಿನದ ಮೇಲೆ. ಕನ್ನಡದವರು ಸ್ಪೇನಿನಲ್ಲಿ ಒಂದೇ ಒಂದು ಊರನ್ನು ಸಾವಧಾನವಾಗಿ ನೋಡುವುದಾದರೆ ಅದು ಟೊಲೆಡೊ ಆಗಬೇಕು.

ಮ್ಯಾಡ್ರಿಡ್‌ಗೆ ದಕ್ಷಿಣದಲ್ಲಿ, ಮೂರು ಕಡೆ ತಾಹೊ ನದಿ ಸುತ್ತಿಕೊಂಡಿರುವ ಬಂಡೆಯ ಮೇಲಿನ ಊರು ಅದು. ಮುಸ್ಲಿಂ ಅರಸರ ಕೈಯಲ್ಲಿದ್ದುದನ್ನು 1085ರಲ್ಲಿ ಆರನೆಯ ಅಲ್ಫಾನ್ಸೊ ಗೆದ್ದ. ಗೆದ್ದವನ ಕೈಗೆ ಕೋಟೆಯ ಜೊತೆಗೆ ಅರಬ್ಬಿ ಪುಸ್ತಕಗಳೂ, ಅವನ್ನು ಓದಬಲ್ಲ ಜನರೂ ಸಿಕ್ಕರು. ಹನ್ನೆರಡನೆಯ ಶತಮಾನದಲ್ಲಿ ಯೂರೋಪಿನ ವಿದ್ವಾಂಸರು ಅಲ್ಲಿಗೆ ಸಾಲುಗಟ್ಟಿದರು. ಇಟಲಿಯ ಕ್ರೆಮೋನಾದಿಂದ ಗೆರಾರ್ಡ್ ಎಂಬಾತ ಟಾಲೆಮಿಯ ಖಗೋಳ ಗ್ರಂಥವೊಂದನ್ನು ಹುಡುಕಿಕೊಂಡು ಬಂದವನು ಅಲ್ಲೇ ಉಳಿದುಬಿಟ್ಟ. 1187ರಲ್ಲಿ ತೀರಿಕೊಳ್ಳುವ ಹೊತ್ತಿಗೆ 70ಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್‌ಗೆ ತಂದಿದ್ದ.

ಆ ಅನುವಾದದ ಕೆಲಸ ಹಲವು ಸಲ ನಡೆಯುತ್ತಿದ್ದ ಬಗೆ ಕೇಳಿ. ಇಬ್ಬರು ಎದುರುಬದುರು ಕೂರುತ್ತಿದ್ದರು. ಅರಬ್ಬಿ ಬಲ್ಲವನು, ಎಷ್ಟೋ ಸಲ ಯಹೂದಿ ವಿದ್ವಾಂಸ, ಪುಸ್ತಕ ನೋಡುತ್ತಾ ಬೀದಿಯ ಆಡುಮಾತಿನಲ್ಲಿ ಅರ್ಥ ಹೇಳುತ್ತಾ ಹೋಗುತ್ತಿದ್ದ. ಎದುರಿನ ಕ್ರೈಸ್ತ ಪಾದ್ರಿ ಅದನ್ನು ಕಿವಿಯಲ್ಲಿ ಕೇಳಿಕೊಂಡು ಲ್ಯಾಟಿನ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಶಾಸ್ತ್ರದ ಎರಡು ಭಾಷೆಗಳ ನಡುವೆ ಸಂತೆಯ ಭಾಷೆ ಸೇತುವೆಯಾಗಿ ನಿಂತಿತ್ತು. ಆ ಆಡುಮಾತೇ ಮುಂದೆ ಬರಹಕ್ಕೂ ಇಳಿದು ಇವತ್ತಿನ ಸ್ಪ್ಯಾನಿಷ್ ಆಯಿತು.

ಅದು ಬರಹಕ್ಕಿಳಿದ ಮೊದಲ ದೊಡ್ಡ ಕಥಾಗ್ರಂಥಗಳಲ್ಲಿ ಒಂದು ಯಾವುದೆಂದರೆ ನಮ್ಮ ಪಂಚತಂತ್ರ. ಆರನೆಯ ಶತಮಾನದಲ್ಲಿ ಪರ್ಷಿಯಾದ ಖುಸ್ರೊ ಅನುಷಿರ್ವಾನನ ಆಸ್ಥಾನದ ವೈದ್ಯ ಬುರ್ಜೋಯ ಅದನ್ನು ಪಹ್ಲವಿಗೆ ತಿರುಗಿಸಿದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅರಬ್ಬಿಗೆ ತಂದ. 1251ರಲ್ಲಿ, ಟೊಲೆಡೊದಲ್ಲೇ ಹುಟ್ಟಿದ ರಾಜಕುಮಾರ ಅಲ್ಫಾನ್ಸೊನ ಆಶ್ರಯದಲ್ಲಿ, ಅದು ಸ್ಪೇನಿನ ಮಾತಿಗೆ ಬಂತು. ನಮ್ಮ ಕರಟಕ ದಮನಕರು ಅಲ್ಲಿ ಕಲಿಲ, ದಿಮ್ನ. ಮರುವರ್ಷ ಪಟ್ಟಕ್ಕೇರಿದ ಅದೇ ಅಲ್ಫಾನ್ಸೊ 1283ರಲ್ಲಿ ಸೆವಿಲ್‌ನಲ್ಲಿ ಚದುರಂಗ, ಪಗಡೆ ಬಗೆಯ ಆಟಗಳ ದೊಡ್ಡ ಚಿತ್ರಗ್ರಂಥವೊಂದನ್ನು ಬರೆಸಿ ಮುಗಿಸಿದ. ಅದು ಶುರುವಾಗುವುದೂ ಭಾರತದ ರಾಜನೊಬ್ಬ ಬುದ್ಧಿ ಹೆಚ್ಚೋ ಅದೃಷ್ಟ ಹೆಚ್ಚೋ ಎಂದು ತನ್ನ ಪಂಡಿತರನ್ನು ಕೇಳುವ ಕಥೆಯಿಂದ.

1251ರ ಆ ಅನುವಾದಕ್ಕೂ 220 ವರ್ಷ ಮೊದಲೇ ಪಂಚತಂತ್ರ ಕನ್ನಡಕ್ಕೆ ಬಂದಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ, ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಹಿಡಿದು, 1031ರ ಸುಮಾರಿಗೆ ತನ್ನ ಚಂಪುವನ್ನು ಬರೆದ. ಒಂದೇ ಕಥೆಯ ಒಂದು ಕವಲು ಕಲ್ಯಾಣದ ಅರಸರ ಆಸ್ಥಾನಕ್ಕೆ, ಇನ್ನೊಂದು ಪರ್ಷಿಯಾ, ಬಾಗ್ದಾದ್ ಹಾದು ಟೊಲೆಡೊಗೆ. ಎರಡೂ ಕಡೆ ಅದನ್ನು ಬರಮಾಡಿಕೊಂಡವರು ರಾಜ್ಯ ನಡೆಸುವ ಜನ. ಯುದ್ಧ, ಸಂಧಿಗಳ ಲೆಕ್ಕ ನೋಡುವ ಮಂತ್ರಿಗೂ, ಪಟ್ಟಕ್ಕೆ ಬರಲಿರುವ ರಾಜಕುಮಾರನಿಗೂ ನರಿಗಳ ನೀತಿ ಬೇಕಾಗಿತ್ತು. ಎಂ.ಎ. ಮಾಡಿದವರಲ್ಲದೆ ದುರ್ಗಸಿಂಹನನ್ನು ಇವತ್ತು ಯಾರೂ ಓದುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. ಸ್ಪೇನಿಗೆ ಹೊರಟವರು ಅವನ ಹೊಸಗನ್ನಡ ಗದ್ಯಾನುವಾದವನ್ನು ವಿಮಾನದಲ್ಲಿ ಓದಿದರೂ ಸಾಕು, ಟೊಲೆಡೊದ ಬೀದಿ ಬೇರೆ ಥರ ಕಂಡೀತು.

ಅದೇ ಊರಿನಲ್ಲಿ, ಆರನೆಯ ಅಲ್ಫಾನ್ಸೊ ಗೆಲ್ಲುವುದಕ್ಕೆ ಮುಂಚೆ, ಸಾಯಿದ್ ಅಲ್ ಅಂದಲೂಸಿ ಎಂಬ ಕಾಜಿ ಇದ್ದ. ದುರ್ಗಸಿಂಹ ಬರೆಯುವ ಹೊತ್ತಿಗೆ ಅವನಿನ್ನೂ ಕೂಸು. 1068ರಲ್ಲಿ ಆತ ಲೋಕದ ಜನಾಂಗಗಳ ವಿದ್ಯೆಯನ್ನು ತೂಗಿ ನೋಡುವ ಪುಸ್ತಕ ಬರೆದ. ವಿದ್ಯೆಯನ್ನು ಬೆಳೆಸಿದ ಎಂಟು ಜನಾಂಗಗಳಲ್ಲಿ ಮೊದಲನೆಯ ಜಾಗ ಕೊಟ್ಟದ್ದು ಭಾರತೀಯರಿಗೆ. ಅವರ ದೇಶ ತೀರ ದೂರ, ಹಾಗಾಗಿ ಅವರ ಗ್ರಂಥಗಳಲ್ಲಿ ನಮಗೆ ಸಿಕ್ಕದ್ದು ಸ್ವಲ್ಪವೇ ಎಂದು ಅವನು ಪೇಚಾಡಿಕೊಳ್ಳುತ್ತಾನೆ. ಭಾರತವನ್ನು ಕಣ್ಣಿಂದ ನೋಡದ ಮನುಷ್ಯ ಸಾವಿರಾರು ಮೈಲಿ ಆಚೆ ಕೂತು ಹೀಗೆ ಬರೆದ ಎಂದು ನೆನೆದಾಗಲೆಲ್ಲ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ. ಅವನಿಗೂ ಹಿಂದೆ, 976ರಲ್ಲಿ, ಉತ್ತರ ಸ್ಪೇನಿನ ಅಲ್ಬೆಲ್ದ ಎಂಬಲ್ಲಿ ಸನ್ಯಾಸಿಗಳು ಬರೆದ ಹಸ್ತಪ್ರತಿಯೊಂದಿದೆ. ಯೂರೋಪಿನಲ್ಲಿ ಉಳಿದುಬಂದ ಭಾರತೀಯ ಅಂಕಿಗಳ ಅತಿ ಹಳೆಯ ದಾಖಲೆ ಅದು: ಒಂದರಿಂದ ಒಂಬತ್ತರವರೆಗೆ ಇವೆ, ಸೊನ್ನೆ ಇಲ್ಲ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯ ಲೆಕ್ಕದ ನಿಯಮಗಳನ್ನು ಬರೆದಿಟ್ಟಿದ್ದ. ಆ ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇವತ್ತಿನ ಮಳಖೇಡ, ಕಲಬುರಗಿಯಿಂದ ಸುಮಾರು 40 ಕಿ.ಮೀ.

ಮೇಷ್ಟ್ರಿಗೆ ನಾನು ಹೇಳಿದ ಮೊದಲ ಮಾತು ಇದೇ: ಸ್ಪೇನಿಗೆ ಮುಂಚೆ ಕಲಬುರಗಿಗೆ ಹೋಗಿ ಬನ್ನಿ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಲಬುರಗಿ.

ಅಲ್ಲಿಯ ಕೋಟೆಯೊಳಗಿನ ಜಾಮಿ ಮಸೀದಿ ಕಾರ್ಡೊಬದ ಮಸೀದಿಯ ನಕಲು ಎಂದು ಬಹಳ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಾನು ಒಪ್ಪುವುದಿಲ್ಲ. ಕಲಬುರಗಿಯ ಶಾಸನದಲ್ಲಿರುವುದು 1367ನೆಯ ಇಸವಿ ಮತ್ತು ಕಜ್ವೀನ್‌ನ ರಫಿ ಎಂಬ ಹೆಸರು. ಕಜ್ವೀನ್ ಇರುವುದು ಇರಾನಿನಲ್ಲಿ. ಕಾರ್ಡೊಬದಲ್ಲಿ ಮುಂದೆ ಕಿತ್ತಳೆ ಮರಗಳ ವಿಶಾಲ ಅಂಗಳವಿದೆ. ಕಲಬುರಗಿಯಲ್ಲಿ ಅಂಗಳವೇ ಇಲ್ಲ, ಇಡೀ ಮಸೀದಿಗೆ ಸೂರು. ಅಲ್ಲಿ ಮರದ ಚಪ್ಪಟೆ ಮಾಳಿಗೆ, ಇಲ್ಲಿ ಸಾಲು ಸಾಲು ಗುಮ್ಮಟ. ಕಾರ್ಡೊಬದವರು ರೋಮನ್ನರ ಹಳೆಯ ಕಟ್ಟಡಗಳಿಂದ ಕಂಬ ತಂದರು. ಅವು ಗಿಡ್ಡವಾದ್ದರಿಂದ ಕಮಾನಿನ ಮೇಲೆ ಇನ್ನೊಂದು ಕಮಾನು ಏರಿಸಿ ಸೂರನ್ನು ಎತ್ತರಿಸಿದರು. ಕೆಂಪು ಬಿಳಿ ಪಟ್ಟೆಯ ಆ ಜೋಡಿ ಕಮಾನುಗಳ ಸೊಗಸಿನ ಹಿಂದೆ ಇರುವುದು ಇಂಥದೊಂದು ಅಡಚಣೆ. ಕಲಬುರಗಿಯ ಕಂಬಗಳು ದಪ್ಪ, ಬದಿಯ ಕಮಾನುಗಳು ತಗ್ಗು, ಅಗಲ. ಹೋಲಿಕೆ ಇರುವುದು ಒಳಗೆ ನಿಂತಾಗ ಕಮಾನಿನಾಚೆ ಕಮಾನು, ಅದರಾಚೆ ಕಮಾನು ಎಂದು ಕಣ್ಣು ಸೋಲುವ ಅನುಭವದಲ್ಲಿ ಮಾತ್ರ. ಇದನ್ನು ನೋಡಿಕೊಂಡು ಹೋದವರಿಗೆ ಕಾರ್ಡೊಬದಲ್ಲಿ ಉಳಿದಿರುವ 850ಕ್ಕೂ ಹೆಚ್ಚು ಕಂಬಗಳ ನಡುವೆ ಏನನ್ನು ಗಮನಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಾಗೇ ಬೀದರ್. ಟೊಲೆಡೊದಲ್ಲಿ ಪ್ರವಾಸಿ ಬಸ್ಸು ತಪ್ಪದೆ ನಿಲ್ಲುವುದು ದಮಾಸ್ಕಸ್ ಕುಸುರಿಯ ಅಂಗಡಿಯ ಮುಂದೆ. ಉಕ್ಕಿನ ಮೈಯನ್ನು ಸಣ್ಣಗೆ ಗೀರಿ, ಚಿನ್ನದ ಎಳೆಯನ್ನು ಬಡಿದು ಕೂರಿಸಿ, ಉಕ್ಕನ್ನು ಕಪ್ಪಾಗಿಸುತ್ತಾರೆ. ನಮ್ಮ ಬಿದರಿಯವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತ ಸವರಿ, ಆ ಕಪ್ಪಿನ ಮೇಲೆ ಚಿತ್ತಾರ ಗೀರುತ್ತಾರೆ. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಉಜ್ಜುತ್ತಾರೆ. ಆಮೇಲೆ ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಈ ಕೆಲಸದವರು. ಇದನ್ನು ಕಂಡವರು ಟೊಲೆಡೊದ ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೆ ಮೊದಲು ಕೆಲಸ ಹೇಗಾಯಿತೆಂದು ಕೇಳುತ್ತಾರೆ.

ಒಂದು ಕಹಿ ಸಂಗತಿಯನ್ನೂ ಮೇಷ್ಟ್ರಿಗೆ ಹೇಳಿದೆ. ಟೊಲೆಡೊದಲ್ಲಿ ಬಿಳಿ ಕಮಾನುಗಳ ಸುಂದರವಾದ ಯಹೂದಿ ಪ್ರಾರ್ಥನಾಲಯವಿದೆ. ಅದರ ಹೆಸರು ಈಗ ಸಾಂತಾ ಮರಿಯಾ ಲಾ ಬ್ಲಾಂಕಾ, ಅಂದರೆ ಮೇರಿ ಮಾತೆಯದು. 1492ರ ಜನವರಿಯಲ್ಲಿ ಗ್ರನಾಡ ಸೋತಿತು, ಅದೇ ವರ್ಷ ಯಹೂದಿಗಳನ್ನು ದೇಶದಿಂದ ಅಟ್ಟಿದರು. ಕ್ರೈಸ್ತರಾಗಿ ಮತಾಂತರಗೊಂಡಿದ್ದ ಮುಸ್ಲಿಮರನ್ನೂ 1609ರಿಂದ ಹೊರಹಾಕಿದರು. ಎದುರುಬದುರು ಕೂತು ಅನುವಾದ ಮಾಡಿದವರ ಸಂತತಿಗೆ ಆ ಊರಿನಲ್ಲಿ ಜಾಗವಿಲ್ಲದಾಯಿತು. ಪ್ರವಾಸದ ಮಾರ್ಗದರ್ಶಿಗಳು ಇದನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಡುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ.

ಮೇಷ್ಟ್ರ ಹಾಳೆಯಲ್ಲಿ ಮ್ಯಾಡ್ರಿಡ್‌ನ ಒಂದು ದಿನ ‘ಶಾಪಿಂಗ್’ಗೆ ಬಿಟ್ಟಿತ್ತು. ಆ ದಿನ ಗುಂಪನ್ನು ಬಿಟ್ಟು ಅಟೋಚಾ ನಿಲ್ದಾಣಕ್ಕೆ ಹೋಗಿ ಅಂದೆ. ಟೊಲೆಡೊಗೆ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. “ಏರು ಊರು ಅಂತೀರಿ, ನಮ್ಮನೆಯವರಿಗೆ ಮಂಡಿ ನೋವು” ಅಂದರು. ಕೋಟೆಗೋಡೆಯ ಪಕ್ಕದಿಂದ ಮೇಲಿನ ಹಳೇ ಊರಿಗೆ ಎಸ್ಕಲೇಟರ್ ಹಾಕಿದ್ದಾರೆ, ಹತ್ತುವ ಕಷ್ಟವಿಲ್ಲ.