ಬಸ್ಸು ಕರೆಂಟಿನದ್ದಾಯ್ತು, ಡ್ರೈವರ್ ಕೆಲಸ ಯಾರ ಪಾಲಾಯ್ತು?

ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ಒಂದು ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಸರ್ಕಾರಗಳು ಬದಲಾದವು, ಈ ಹೆಮ್ಮೆ ಬದಲಾಗಿಲ್ಲ. ಈಗ 2025-30ರ 'ಕ್ಲೀನ್ ಮೊಬಿಲಿಟಿ' ನೀತಿ ಬಂದಿದೆ. 50 ಸಾವಿರ ಕೋಟಿ ಬಂಡವಾಳ, 1 ಲಕ್ಷ ಉದ್ಯೋಗ ಅಂತೆ. ನಮ್ಮ ಪ್ರಶ್ನೆ ಒಂದೇ: ಆ 1 ಲಕ್ಷದಲ್ಲಿ ನಮ್ಮ ಕೇರಿಯ ಮಕ್ಕಳು ಎಷ್ಟು ಜನ?

ಮೊದಲೇ ಹೇಳಿಬಿಡ್ತೀನಿ, ನಾವು ಎಲೆಕ್ಟ್ರಿಕ್ ಬಸ್ಸಿನ ವಿರೋಧಿಗಳಲ್ಲ. ಈ ನಗರದ ಹೊಗೆಯನ್ನ ಎಲ್ಲರಿಗಿಂತ ಹೆಚ್ಚು ಕುಡಿಯೋದು ಬೆಳಗಿನ ಜಾವ ರಸ್ತೆ ಗುಡಿಸೋ ನಮ್ಮ ಅಕ್ಕಂದಿರು. ಹೊಗೆ ಹೋಗಲಿ. ಹೊಗೆ ಜೊತೆ ಮೀಸಲಾತಿಯೂ ಹೋಗೋದು ಬೇಡ.

ಇಲ್ಲಿವರೆಗಿನ ರಿಯಾಯಿತಿ ಯಾರಿಗೆ ಸಿಕ್ತು ನೋಡಿ. 2024ರವರೆಗೆ ಈ ರಾಜ್ಯದಲ್ಲಿ ಪೆಟ್ರೋಲ್ ಸ್ಕೂಟರ್ ಕೊಂಡ ಗಾರೆ ಕೆಲಸದವನು ಜೀವಾವಧಿ ತೆರಿಗೆ ಕಟ್ಟಿದ. ಕೋಟಿ ರೂಪಾಯಿಯ ಎಲೆಕ್ಟ್ರಿಕ್ ಕಾರು ಕೊಂಡವನಿಗೆ ತೆರಿಗೆ ಸೊನ್ನೆ! 25 ಲಕ್ಷ ಮೀರಿದ ಕಾರಿಗೆ ಶೇ. 10 ತೆರಿಗೆ ಹಾಕೋಕೆ ಏಳು ವರ್ಷ ಬೇಕಾಯ್ತು.

ಈಗ ಬಸ್ಸಿಗೆ ಬರೋಣ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೇ 4,500 ಎಲೆಕ್ಟ್ರಿಕ್ ಬಸ್ ಹಂಚಿಕೆಯಾಗಿದೆ. ಬಿಎಂಟಿಸಿ ಈ ಬಸ್ಸುಗಳನ್ನ ಓಡಿಸೋ ರೀತಿ ಹೀಗೆ: ಬಸ್ಸು ಕಂಪನಿಯದ್ದು, ರಿಪೇರಿ ಕಂಪನಿಯದ್ದು, ಡ್ರೈವರ್ರೂ ಕಂಪನಿಯವನೇ. ಕಂಡಕ್ಟರ್ ಮಾತ್ರ ನಿಗಮದವರು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ನಿಗಮ ದುಡ್ಡು ಕೊಡುತ್ತೆ. ಹತ್ತು, ಹನ್ನೆರಡು ವರ್ಷದ ಒಪ್ಪಂದ.

ಇದರ ಅರ್ಥ ಏನು? ಸಾರಿಗೆ ನಿಗಮದ ಖಾಕಿ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಸರ್ಕಾರಿ ಸಂಬಳ. ಆ ಸಂಬಳದಲ್ಲಿ ಮಕ್ಕಳು ಹಾಸ್ಟೆಲ್ ದಾಟಿ ಡಿಗ್ರಿ ಮಾಡಿದ್ರು, ಹೆಂಚಿನ ಮನೆಗೆ ಆರ್‌ಸಿಸಿ ಬಂತು. ರೋಸ್ಟರ್ ಇತ್ತು, ಪಿಎಫ್ ಇತ್ತು, ಯೂನಿಯನ್ ಇತ್ತು. ಕಂಪನಿಯ ಡ್ರೈವರ್ ಸೀಟಿಗೆ ರೋಸ್ಟರ್ ಇಲ್ಲ. ಸಂಬಳದ ಗೋಳಿಗೆ ಈ ಖಾಸಗಿ ಚಾಲಕರು ಬಸ್ ನಿಲ್ಲಿಸಿ ಕೂತಿದ್ದನ್ನೂ ಬೆಂಗಳೂರು ನೋಡಿದೆ. ಒಂದು ಡೀಸೆಲ್ ಬಸ್ ಗುಜರಿಗೆ ಹೋಗಿ ಅದರ ಜಾಗಕ್ಕೆ ಗುತ್ತಿಗೆ ಬಸ್ ಬಂದಾಗ, ಒಂದು ಮೀಸಲು ಹುದ್ದೆಯೂ ಸದ್ದಿಲ್ಲದೆ ಗುಜರಿ ಸೇರುತ್ತೆ.

"ಹೊರಗುತ್ತಿಗೆಯಲ್ಲೂ ಮೀಸಲಾತಿ ಕೊಡಿ ಅಂತ 2024ರ ಮೇ ತಿಂಗಳಲ್ಲೇ ಸರ್ಕಾರ ಸುತ್ತೋಲೆ ಹೊರಡಿಸಿದೆಯಲ್ಲ" ಅಂತ ಕೆಲವರು ಹೇಳಬಹುದು. ಸ್ವಾಮಿ, ಇಲ್ಲಿ ನಿಗಮ ಡ್ರೈವರನ್ನ ಹೊರಗುತ್ತಿಗೆಗೆ ತಗೊಳ್ತಿಲ್ಲ, ಕಿಲೋಮೀಟರ್ ಕೊಳ್ತಿದೆ. ಕಿಲೋಮೀಟರಿಗೆ ಯಾವ ರೋಸ್ಟರ್? ಆ ಸುತ್ತೋಲೆ ಈ ಒಪ್ಪಂದಗಳಿಗೂ ಅನ್ವಯ ಅಂತ ಸಾರಿಗೆ ಸಚಿವರು ಲಿಖಿತವಾಗಿ ಹೇಳಲಿ, ನಾನು ಈ ಪೋಸ್ಟ್ ಅಳಿಸ್ತೀನಿ.

2022ರಲ್ಲಿ ಪರಿಶಿಷ್ಟ ಜಾತಿ ಮೀಸಲಾತಿ 15ರಿಂದ 17ಕ್ಕೆ ಏರಿತು. ಒಳಮೀಸಲಾತಿಗಾಗಿ ಮೂರು ದಶಕ ಬೀದಿಯಲ್ಲಿ ನಿಂತೆವು. ನಾವು ಪಾಲಿನ ಲೆಕ್ಕ ಹಾಕ್ತಿದ್ದೀವಿ, ಅವರು ಪಾತ್ರೆಯನ್ನೇ ಎತ್ತಿಕೊಂಡು ಹೋಗ್ತಿದ್ದಾರೆ. ಹುದ್ದೆಯೇ ಇಲ್ಲದ ಮೇಲೆ ಶೇ. 17 ಆದರೇನು, 70 ಆದರೇನು?

ಗುತ್ತಿಗೆ ಅನ್ನೋದು ಹಣೆಬರಹ ಅಲ್ಲ. ವರ್ಷಗಟ್ಟಲೆ ಹೋರಾಡಿದ ಬೆಂಗಳೂರಿನ 12,692 ಪೌರಕಾರ್ಮಿಕರು 2025ರ ಮೇ 1ರಂದು ಖಾಯಂ ನೇಮಕಾತಿ ಪತ್ರ ಪಡೆದರು. ಪೊರಕೆ ಹಿಡಿದವರು ಗೆದ್ದಿದ್ದನ್ನ ಸ್ಟೀರಿಂಗ್ ಹಿಡಿಯೋರೂ ಗೆಲ್ಲಬಹುದು.

ನಮ್ಮ ಬೇಡಿಕೆ:

1. ಎಲೆಕ್ಟ್ರಿಕ್ ಬಸ್ಸಿಗೂ ನಿಗಮದ್ದೇ ಚಾಲಕರು, ರೋಸ್ಟರ್ ಪ್ರಕಾರ ನೇಮಕ.
2. ಈಗಾಗಲೇ ಸಹಿ ಆಗಿರೋ ಒಪ್ಪಂದಗಳಲ್ಲಿ ಮೀಸಲಾತಿ, ನಿಗಮದ ಚಾಲಕರಿಗೆ ಸಮನಾದ ವೇತನ.
3. ಸಬ್ಸಿಡಿ, ಜಮೀನು, ತೆರಿಗೆ ವಿನಾಯಿತಿ ಪಡೆಯೋ ಪ್ರತಿ ಇವಿ ಕಂಪನಿ ತನ್ನ ಉದ್ಯೋಗಿಗಳ ಜಾತಿವಾರು ಲೆಕ್ಕ ಪ್ರಕಟಿಸಬೇಕು.

ಸಾರ್ವಜನಿಕರ ದುಡ್ಡು ಇದ್ದ ಕಡೆ ಸಂವಿಧಾನವೂ ಇರಬೇಕು. ನಿಮ್ಮ ಹತ್ತಿರದ ಡಿಪೋಗೆ ಹೋಗಿ, ಎಲೆಕ್ಟ್ರಿಕ್ ಬಸ್ ಎಷ್ಟು, ನಿಗಮದ ಡ್ರೈವರ್ ಎಷ್ಟು ಅಂತ ಕೇಳಿ. ಬಾಯಲ್ಲಿ ಹೇಳದಿದ್ರೆ ಆರ್‌ಟಿಐ ಹಾಕಿ. ಉತ್ತರ ಬಂದರೆ ಇಲ್ಲೇ ಕಮೆಂಟಲ್ಲಿ ಹಾಕಿ, ಒಟ್ಟು ಮಾಡೋಣ.

ಜೈ ಭೀಮ್.