ಕುರಿಮರಿಗಳ ಕುಣಿದಾಟ: ನೋಡಿ ನಕ್ಕರಷ್ಟೇ ಸಾಲದು

ಸಂಜೆಯ ಹೊತ್ತು. ಮೇಯಲು ಹೋದ ಕುರಿಗಳು ದೊಡ್ಡಿಗೆ ಮರಳಿವೆ. ಮರಿಗಳು ತಮ್ಮ ತಮ್ಮ ತಾಯಂದಿರನ್ನು ಹುಡುಕಿ ಹೊಟ್ಟೆತುಂಬ ಹಾಲು ಕುಡಿದಿವೆ. ಇನ್ನು ಅವುಗಳ ಆಟ ಶುರು. ಒಂದು ಮರಿ ನಾಲ್ಕೂ ಕಾಲನ್ನು ಒಟ್ಟಿಗೆ ಎತ್ತಿ ಚಿಮ್ಮಿದರೆ ಅದನ್ನು ಕಂಡು ಮತ್ತೊಂದು ಚಿಮ್ಮುತ್ತದೆ. ಕ್ಷಣದಲ್ಲಿ ಎಲ್ಲವೂ ಗುಂಪುಗೂಡಿ ಬೇಲಿಯ ಈ ತುದಿಯಿಂದ ಆ ತುದಿಗೆ ಓಡತೊಡಗುತ್ತವೆ. ಮಲಗಿ ಮೆಲುಕು ಹಾಕುವ ತಾಯಿಯ ಬೆನ್ನೇರಿ ನಿಲ್ಲುತ್ತವೆ. ಮಳವಳ್ಳಿ ಕಡೆಯ ಬಂಡೂರು ಮರಿಯಾಗಲಿ, ಬಯಲುಸೀಮೆಯ ಡೆಕ್ಕನಿ ಮರಿಯಾಗಲಿ, ಈ ಗುಣ ಒಂದೇ.

ನಮ್ಮ ರೈತರಲ್ಲಿ ಹಲವರು ಇದನ್ನು ನೋಡಿ ನಕ್ಕು ಸುಮ್ಮನಾಗುತ್ತಾರೆ. ಕೆಲವರು 'ಕುಣಿದರೆ ಮೈ ಹತ್ತುವುದಿಲ್ಲ' ಎಂದು ಮರಿಗಳನ್ನು ದಿನವಿಡೀ ಗೂಟಕ್ಕೆ ಕಟ್ಟುತ್ತಾರೆ. ಎರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವಂತೆ, ಮರಿಯ ಸ್ಥಿತಿಗತಿ ಅದರ ಆಟದಲ್ಲೇ ಕಾಣುತ್ತದೆ.

ಈ ಮಾತು ನಾನು ನಷ್ಟ ಅನುಭವಿಸಿ ಕಲಿತದ್ದು. ನಮ್ಮ ಮನೆಯ ಕುರಿಯೊಂದು ಅವಳಿ ಮರಿ ಹಾಕಿತ್ತು. ಒಂದು ಮರಿ ಚೆನ್ನಾಗಿ ಕುಣಿಯುತ್ತಿತ್ತು. ಇನ್ನೊಂದು ಗೋಡೆ ಬದಿಯಲ್ಲಿ ಬೆನ್ನು ಬಾಗಿಸಿ ನಿಲ್ಲುತ್ತಿತ್ತು. 'ಪಾಪ, ಸಾಧು ಮರಿ' ಎಂದುಕೊಂಡೆವು. ಮೂರನೆಯ ದಿನ ಬೆಳಿಗ್ಗೆ ಅದು ಸತ್ತಿತ್ತು. ಆಮೇಲೆ ತಾಯಿಯ ಕೆಚ್ಚಲು ಮುಟ್ಟಿ ನೋಡಿದರೆ ಒಂದು ಭಾಗ ಬಾವು ಬಂದು ಕಲ್ಲಾಗಿತ್ತು. ಇದ್ದ ಹಾಲನ್ನು ಗಟ್ಟಿ ಮರಿಯೇ ಕುಡಿಯುತ್ತಿತ್ತು. ಸಾಧುವಲ್ಲ, ಅದು ಹಸಿದ ಮರಿ!

ಹಸಿವು, ಚಳಿ, ನೋವು, ಜ್ವರ ಇವುಗಳಲ್ಲಿ ಯಾವುದಿದ್ದರೂ ಮರಿ ಮೊದಲು ಬಿಡುವುದು ಆಟವನ್ನು. ಮೇವು ಬಿಡುವುದು, ನೆಲ ಹಿಡಿಯುವುದು ಆಮೇಲಿನ ಮಾತು. ಆದ್ದರಿಂದ ಸಂಜೆ ಹತ್ತು ನಿಮಿಷ ದೊಡ್ಡಿಯ ಬಳಿ ಕುಳಿತು ನೋಡಿ. ಗುಂಪಿನಿಂದ ದೂರ ನಿಂತ ಮರಿಯನ್ನು ಹಿಡಿದು ಹೊಟ್ಟೆ ತುಂಬಿದೆಯೇ, ಹೊಕ್ಕುಳು ಅಥವಾ ಕಾಲಿನ ಗಂಟು ಊದಿದೆಯೇ, ಬಾಲದ ಬುಡ ಭೇದಿಯಿಂದ ಕೊಳೆಯಾಗಿದೆಯೇ, ಉಸಿರಾಟ ಜೋರಾಗಿದೆಯೇ ಎಂದು ಪರೀಕ್ಷಿಸಿ. ತಾಯಿಯ ಕೆಚ್ಚಲನ್ನೂ ಮುಟ್ಟಿ ನೋಡಿ. ಸಂಶಯವಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಿ.

ಆಟಕ್ಕೆ ಜಾಗ ಬೇಕು. ಮರಿಯೊಂದಕ್ಕೆ ನಾಲ್ಕೈದು ಚದರ ಅಡಿ ನೆರಳು, ಅದರ ಎರಡರಷ್ಟು ಬಯಲು ಇದ್ದರೆ ಸಾಕು. ಮುಳ್ಳುಬೇಲಿ ಕಟ್ಟಿ, ನಡುವೆ ಒಂದು ಮಣ್ಣುದಿಬ್ಬ ಮಾಡಿ. ತಾಯಂದಿರು ಮೇಯಲು ಹೋದಾಗ ನಾಯಿ, ಕಾಗೆಗಳ ಭಯಕ್ಕೆ ಎಳೆಯ ಮರಿಗಳ ಮೇಲೆ ಮಂಕರಿ ಕವುಚುವುದು ಅನಿವಾರ್ಯವಾದೀತು. ಆದರೆ ಹಿಂಡು ಬಂದ ಮೇಲಾದರೂ ಬಿಡಬೇಕು.

ಇನ್ನೆರಡು ಎಚ್ಚರಿಕೆಯ ಮಾತು. ಟಗರುಮರಿಗಳು ತಲೆಗೆ ತಲೆ ಕೊಟ್ಟು ಗುದ್ದಾಡುವುದು ಸಹಜ. ಆದರೆ ಮಕ್ಕಳು ಅದರ ಹಣೆಗೆ ಕೈಯೊಡ್ಡಿ ಗುದ್ದಾಡಲು ಬಿಡಬೇಡಿ. ಮನುಷ್ಯರ ಭಯ ಬಿಟ್ಟ ಮರಿ ಟಗರಾದ ಮೇಲೂ ಅದೇ ಆಟ ಆಡುತ್ತದೆ. ಆಗ ಮುರಿಯುವುದು ನಮ್ಮ ಮೂಳೆ. ಎರಡನೆಯದಾಗಿ, ಚೆನ್ನಾಗಿ ಕುಣಿಯುವ ಪುಷ್ಟ ಮರಿಯೂ ಕರುಳುಬೇನೆಯಿಂದ ಬೆಳಗಾಗುವುದರೊಳಗೆ ಸಾಯಬಹುದು. ಆಟ ನೋಡುವುದು ಲಸಿಕೆಗೆ ಬದಲಿಯಲ್ಲ.

ಐದಾರು ಕುರಿ ಸಾಕುವ ಸಣ್ಣ ರೈತನಿಗೆ ಒಂದು ಮರಿಯ ಸಾವೆಂದರೆ ಮಗುವಿನ ಶಾಲೆಯ ಖರ್ಚೋ, ಹೊಲದ ಗೊಬ್ಬರವೋ ಕೈಬಿಟ್ಟಂತೆ. ದಿನಕ್ಕೆ ಹತ್ತು ನಿಮಿಷದ ನೋಟಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಈ ಸಂಜೆಯೇ ನೋಡಿ. ಕುಣಿಯುವ ಮರಿಗಳನ್ನು ಕಂಡು ಸಂತೋಷಪಡಿ, ಕುಣಿಯದೆ ನಿಂತ ಮರಿಯನ್ನು ಎತ್ತಿಕೊಳ್ಳಿ.